ದಂಡಿನ ಮೇಸನ್ ಲಾಡ್ಜ್‌ಗಳು, ಎರಡು ಮಹಾಯುದ್ಧ ಮತ್ತು ದಾನದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಪ್ರದೇಶದ ಹಳೆ ಕಟ್ಟಡಗಳನ್ನು ಆಸಕ್ತರಿಗೆ ತೋರಿಸುವುದು ನನ್ನ ಬಿಡುವಿನ ಕೆಲಸ. ಲೇಡಿ ಕರ್ಜನ್ ರಸ್ತೆಯ ಮೇಸಾನಿಕ್ ಹಾಲ್ ಮುಂದೆ ನಿಂತರೆ ಸಾಕು, ಪ್ರಶ್ನೆಗಳ ಮಳೆ. ನಾನು ಮೇಸನ್ ಅಲ್ಲ. ಆದರೆ ಈ ಲಾಡ್ಜ್‌ಗಳನ್ನು ಬಿಟ್ಟು ದಂಡಿನ ಕಥೆ ಹೇಳಿದರೆ ಅದು ಅರ್ಧ ಕಥೆಯೇ. ಯುದ್ಧದ ವರ್ಷಗಳಲ್ಲಿ ಇಲ್ಲಿ ಯಾರು ಬಂದರು, ಯಾರು ವಾಪಸ್ ಬರಲಿಲ್ಲ, ಅವರ ಹೆಂಡತಿ ಮಕ್ಕಳನ್ನು ಆಮೇಲೆ ಯಾರು ನೋಡಿಕೊಂಡರು ಎಂಬುದಕ್ಕೆ ಇಂಥ ಕಡೆ ಕಾಗದದ ಸಾಕ್ಷಿ ಸಿಗುತ್ತದೆ. ಜನ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಫ್ರೀಮೇಸನ್ ಅಂದ್ರೆ ಯಾರು? ಲಾಡ್ಜ್ ಅಂದ್ರೆ ಏನು?

ಯುರೋಪಿನಲ್ಲಿ ಕಲ್ಲುಕುಟಿಗರಿಗೆ ಅವರದೇ ಸಂಘಗಳಿದ್ದವು. ಅವರ ಕಟ್ಟುಪಾಡು, ಅವರ ಮೂಲೆಮಟ್ಟ ಮತ್ತು ಕೈವಾರವನ್ನು ಗುರುತಾಗಿ ಇಟ್ಟುಕೊಂಡು, ಬೇರೆ ಕಸುಬಿನ ಗಂಡಸರೂ ಸೇರಿ ಕಟ್ಟಿಕೊಂಡ ಸಂಘ ಇದು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು. ಗ್ರ್ಯಾಂಡ್ ಲಾಡ್ಜ್ ಅಂದರೆ ಮೇಲಿನ ಆಡಳಿತ; ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಆಮೇಲೆ ಬೇರೆ ಗ್ರ್ಯಾಂಡ್ ಲಾಡ್ಜ್‌ಗಳಾದವು. ಅದರ ಕೆಳಗೆ ಊರೂರಲ್ಲಿರುವ ಶಾಖೆಯೇ ಲಾಡ್ಜ್. ಒಂದೇ ಹಾಲ್‌ನಲ್ಲಿ ಬೇರೆ ಬೇರೆ ದಿನ ಹಲವು ಲಾಡ್ಜ್‌ಗಳು ಸೇರುವುದೂ ಉಂಟು.

ಸೇರುವವರು ದೇವರಿದ್ದಾನೆ ಎಂದು ನಂಬಬೇಕು. ಯಾವ ದೇವರು ಎಂದು ಕೇಳುವುದಿಲ್ಲ. ಸಭೆಯಲ್ಲಿ ಧರ್ಮದ ಜಗಳ, ರಾಜಕೀಯದ ಮಾತು ಎರಡೂ ಕೂಡದು. ಭಾರತದ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಜೆಂದ್ ಅವೆಸ್ತಾ ಇವನ್ನೆಲ್ಲ ಒಟ್ಟಿಗೆ ತೆರೆದಿಡುವ ರೂಢಿ ಇದೆ. ಹೊಸಬರು ಮೂರು ಮೆಟ್ಟಿಲು ಹತ್ತಬೇಕು: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್.

ಗುಟ್ಟಿನ ಸಂಘ ಅಲ್ವಾ? ಒಳಗೆ ಮಾಟ ಮಂತ್ರ ಮಾಡ್ತಾರಂತೆ?

ಇಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಎಷ್ಟೋ ಊರುಗಳಲ್ಲಿ ಈ ಕಟ್ಟಡಗಳನ್ನು ಜನ ‘ಜಾದೂಘರ್’, ‘ಭೂತ ಬಂಗಲೆ’ ಎಂದು ಕರೆಯುತ್ತಿದ್ದರು. ಸಭೆ ನಡೆಯುವಾಗ ಬಾಗಿಲು ಹಾಕುತ್ತಾರೆ, ಹೊರಗೆ ಕತ್ತಿ ಹಿಡಿದು ಒಬ್ಬ ಕಾವಲು ನಿಲ್ಲುತ್ತಾನೆ. ಹೊರಗಿನವರಿಗೆ ಅನುಮಾನ ಬಂದದ್ದು ಸಹಜವೇ. ಒಬ್ಬರನ್ನೊಬ್ಬರು ಗುರುತಿಸುವ ಸನ್ನೆ, ಮಾತುಗಳನ್ನು ಅವರು ಹೊರಗೆ ಹೇಳುವುದಿಲ್ಲ. ಕಟ್ಟಡ, ಪದಾಧಿಕಾರಿಗಳು, ವಿಳಾಸ, ದಾನ ಎಲ್ಲ ಬಹಿರಂಗವಾಗಿಯೇ ಇರುತ್ತದೆ.

ಬೆಂಗಳೂರಿಗೆ ಇದು ಹೇಗೆ ಬಂತು?

ಸೈನ್ಯದ ಜೊತೆ ಬಂತು. 1732ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಒಂದು ರೆಜಿಮೆಂಟಿಗೇ ವಾರಂಟ್, ಅಂದರೆ ಲಾಡ್ಜ್ ನಡೆಸುವ ಅನುಮತಿ ಪತ್ರ ಕೊಟ್ಟಿತು. ಆಮೇಲೆ ಇಂಥ ಅಲೆಮಾರಿ ಲಾಡ್ಜ್‌ಗಳು ಬಹಳ ಆದವು. ರೆಜಿಮೆಂಟ್ ಎಲ್ಲಿಗೆ ಹೋದರೆ ಲಾಡ್ಜ್ ಅಲ್ಲಿಗೆ. ವಾರಂಟ್, ಸಭೆಯಲ್ಲಿ ಸೊಂಟಕ್ಕೆ ಕಟ್ಟುವ ಏಪ್ರನ್‌ಗಳು, ಲೆಕ್ಕದ ಪುಸ್ತಕ ಎಲ್ಲ ಪೆಟ್ಟಿಗೆಯೊಳಗೆ ಹಾಕಿ ಸಾಮಾನಿನ ಜೊತೆ ಸಾಗಿಸುತ್ತಿದ್ದರು. ಕಲ್ಕತ್ತದಲ್ಲಿ 1730ರ ಹೊತ್ತಿಗೆ, ಮದ್ರಾಸಿನಲ್ಲಿ 1752ರಲ್ಲಿ ಲಾಡ್ಜ್ ಶುರುವಾಗಿತ್ತು. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. ದಕ್ಷಿಣ ಭಾರತದ ಇಷ್ಟು ದೊಡ್ಡ ಸೇನಾ ನೆಲೆಗೆ ಮೇಸನ್ನರು ಬಾರದೇ ಇರುತ್ತಾರೆಯೇ?

ಭಾರತೀಯರ ಕಥೆ ಬೇರೆ. ಆರ್ಕಾಟಿನ ನವಾಬರ ಮಗ ಉಮ್ದತ್ ಉಲ್ ಉಮರಾ 1770ರ ದಶಕದಲ್ಲೇ ತಿರುಚಿನಾಪಳ್ಳಿಯಲ್ಲಿ ಮೇಸನ್ ಆದರು. ರಾಜಮನೆತನದವರಿಗೆ ಬಾಗಿಲು ತೆರೆಯಿತು. ಸಾಮಾನ್ಯ ಹಿಂದೂಗಳಿಗೆ ತೆರೆಯಲಿಲ್ಲ. ಕಲ್ಕತ್ತದ ಪ್ರಸನ್ನ ಕುಮಾರ ದತ್ತ ಎಂಬ ವ್ಯಾಪಾರಿ ಸುಮಾರು 9 ವರ್ಷ ಪತ್ರ ಬರೆದು, ನಿಯಮವನ್ನೇ ಪ್ರಶ್ನಿಸಿ, 1872ರಲ್ಲಿ ಒಳಗೆ ಹೋದರು. ಎಲ್ಲ ಮನುಷ್ಯರೂ ಸಮಾನರು ಎನ್ನುವ ಸಂಘವೊಂದು ಅದನ್ನು ನಡೆಸಿ ತೋರಿಸಲು ಇಷ್ಟು ಕಾಡಿಸಿತು. ದತ್ತರ ಹಟದ ಬಗ್ಗೆ ನನಗೆ ತುಂಬ ಗೌರವ.

ಮೊದಲ ಮಹಾಯುದ್ಧದಲ್ಲಿ ಮೇಸನ್ನರು ಏನು ಮಾಡಿದರು?

ಮುಖ್ಯವಾಗಿ ಎರಡು ಕೆಲಸ. ಒಂದು, ಆಸ್ಪತ್ರೆ. 1916ರಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ರಸ್ತೆಯಲ್ಲಿ ಫ್ರೀಮೇಸನ್ಸ್ ವಾರ್ ಹಾಸ್ಪಿಟಲ್ ತೆರೆದರು. ಹಣ ಸದಸ್ಯರದು. ಒಳಗೆ ಮಲಗಿದ್ದವರು ಗಾಯಗೊಂಡ ಸೈನಿಕರು, ಮೇಸನ್ನರೇ ಆಗಿರಬೇಕೆಂದಿರಲಿಲ್ಲ. ಜಾಗ ಸಾಲದೆ ಫುಲ್‌ಹ್ಯಾಮ್ ಅರಮನೆಯಲ್ಲಿ ಇನ್ನೊಂದು ಆಸ್ಪತ್ರೆ ಮಾಡಿದರು. ಯುದ್ಧ ಮುಗಿಯುವುದರೊಳಗೆ 4,000ಕ್ಕೂ ಹೆಚ್ಚು ಸೈನಿಕರಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು.

ಇನ್ನೊಂದು, ಸ್ಮಾರಕ. ಯುದ್ಧದಲ್ಲಿ ಇಂಗ್ಲಿಷ್ ಗ್ರ್ಯಾಂಡ್ ಲಾಡ್ಜ್‌ನ 3,000ಕ್ಕೂ ಹೆಚ್ಚು ಸದಸ್ಯರು ಸತ್ತರು. ಅವರ ನೆನಪಿಗೆ ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟ್‌ನಲ್ಲಿ ಹೊಸ ಕಟ್ಟಡ ಕಟ್ಟಲು 10 ಲಕ್ಷ ಪೌಂಡ್ ಗುರಿ ಇಟ್ಟು ನಿಧಿ ಎತ್ತಿದರು. 1927ರಲ್ಲಿ ಶುರುವಾದ ಕಟ್ಟಡ 1933ರಲ್ಲಿ ಮುಗಿಯಿತು. ಅದಕ್ಕೆ ಇಟ್ಟ ಹೆಸರು ‘ಶಾಂತಿ ಸ್ಮಾರಕ’. 1939ರಲ್ಲಿ ಮತ್ತೆ ಯುದ್ಧ ಶುರುವಾದಾಗ ಆ ಹೆಸರು ಬಿಟ್ಟು ಫ್ರೀಮೇಸನ್ಸ್ ಹಾಲ್ ಎಂದೇ ಕರೆದರು.

ಆ ಕಟ್ಟಡದೊಳಗೆ ಒಂದು ಕಂಚಿನ ಪೆಟ್ಟಿಗೆ ಇದೆ. ಜೊಂಡಿನ ನಡುವೆ ಬಂದು ನಿಂತ ದೋಣಿಯ ಮೇಲೆ ಅದನ್ನು ಕೂರಿಸಿದ್ದಾರೆ. ಪಯಣ ಮುಗಿಯಿತು ಎಂಬುದಕ್ಕೆ ಆ ದೋಣಿ. ನಾಲ್ಕು ಮೂಲೆಯಲ್ಲಿ ಮಂಡಿಯೂರಿದ ನಾಲ್ಕು ಆಕೃತಿಗಳು, ಸೈನ್ಯದ ನಾಲ್ಕು ವಿಭಾಗಗಳ ಪರವಾಗಿ. ಸತ್ತವರ ಹೆಸರುಗಳನ್ನು ಬರೆದ ಚರ್ಮದ ಸುರುಳಿ ಅಲ್ಲಿದೆ. ಮೇಜರ್, ಗುಮಾಸ್ತ, ಅಂಗಡಿಯವನು, ಡಾಕ್ಟರ್ ಎಲ್ಲರೂ ಒಂದೇ ಸುರುಳಿಯಲ್ಲಿ.

‘ಹಾಲ್ ಸ್ಟೋನ್ ಪದಕ’ ಅಂದ್ರೆ ಏನು? ಹಳೆ ಫೋಟೊಗಳಲ್ಲಿ ಕುತ್ತಿಗೆಗೆ ಹಾಕಿಕೊಂಡಿರ್ತಾರಲ್ಲ?

ಆ ಶಾಂತಿ ಸ್ಮಾರಕಕ್ಕೆ ಹಣ ಕೊಟ್ಟದ್ದರ ಗುರುತು ಅದು. ಒಂದು ಲಾಡ್ಜ್‌ನ ಸದಸ್ಯರು ತಲೆಗೆ ಸರಾಸರಿ 10 ಗಿನಿ ಕೊಟ್ಟರೆ ಆ ಲಾಡ್ಜ್‌ಗೆ ‘ಹಾಲ್ ಸ್ಟೋನ್ ಲಾಡ್ಜ್’ ಎಂಬ ಹೆಸರು. ಒಂದು ಗಿನಿ ಅಂದರೆ 21 ಶಿಲ್ಲಿಂಗ್. ಸಂಬಳದ ಮೇಲೆ ಬದುಕುವವನಿಗೆ 10 ಗಿನಿ ಚಿಲ್ಲರೆ ಹಣವಲ್ಲ. ಒಟ್ಟು 1,321 ಲಾಡ್ಜ್‌ಗಳು ಈ ಲೆಕ್ಕ ಮುಟ್ಟಿದವು, ಅದರಲ್ಲಿ ಇಂಗ್ಲೆಂಡಿನ ಹೊರಗಿನವೂ ಇದ್ದವು.

ಪದಕ ಶಿಲುಬೆಯ ಆಕಾರದಲ್ಲಿದೆ. ಒಂದು ತೋಳಿನ ಮೇಲೆ 1914, ಇನ್ನೊಂದರ ಮೇಲೆ 1918. ನಡುವೆ ರೆಕ್ಕೆಯಿರುವ ಶಾಂತಿಯ ಮೂರ್ತಿ, ಕೈಯಲ್ಲಿ ಒಂದು ಮಂದಿರ. ಲಾಡ್ಜ್‌ಗೆ ಸಿಕ್ಕ ಪದಕ ಯಾರೊಬ್ಬರ ಸ್ವಂತದ್ದೂ ಅಲ್ಲ. ಆ ವರ್ಷ ಮಾಸ್ಟರ್, ಅಂದರೆ ಲಾಡ್ಜ್‌ನ ಮುಖ್ಯಸ್ಥ ಆದವರು ತಿಳಿನೀಲಿ ರಿಬ್ಬನ್ನಿನಲ್ಲಿ ಹಾಕಿಕೊಳ್ಳುತ್ತಾರೆ, ಮುಂದಿನ ವರ್ಷದವರಿಗೆ ದಾಟಿಸುತ್ತಾರೆ. ವೈಯಕ್ತಿಕವಾಗಿ ಕೊಟ್ಟವರಿಗೆ ಬೇರೆ ಪದಕ ಇತ್ತು. ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ.

ಆ ಸುರುಳಿಯಲ್ಲಿ ಬೆಂಗಳೂರಿನ ಸಿಪಾಯಿಗಳ ಹೆಸರು ಇದೆಯಾ?

ಇಲ್ಲಿ ನೇರವಾಗಿ ಹೇಳಬೇಕು. ಅದು ಲಾಡ್ಜ್ ಸದಸ್ಯರ ಪಟ್ಟಿ. ದಂಡಿನ ಲಾಡ್ಜ್‌ಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು, ಚಂದಾ ದುಬಾರಿ, ಸದಸ್ಯರು ಹೆಚ್ಚಾಗಿ ಬಿಳಿಯ ಅಧಿಕಾರಿಗಳು, ಎಂಜಿನಿಯರ್‌ಗಳು, ವ್ಯಾಪಾರಿಗಳು. ನಮ್ಮ ಹಳ್ಳಿಗಳಿಂದ ಹೋದ ಸಿಪಾಯಿಗೆ ಆ ಬಾಗಿಲು ಗೊತ್ತೇ ಇರಲಿಲ್ಲ.

ಅವರ ಹೆಸರು ಬೇರೆ ಕಲ್ಲುಗಳ ಮೇಲಿದೆ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವ ಕಡೆ, ಟ್ರಾಫಿಕ್ ಮಧ್ಯೆ ನಿಂತಿರುವ ಕಂಬ ಮದ್ರಾಸ್ ಪಯನಿಯರ್ಸ್ ಯೋಧರ ಸ್ಮಾರಕ. ಅದರ ಪಕ್ಕದಲ್ಲಿ ದಿನಾ ಓಡಾಡುವ ಎಷ್ಟೋ ಜನ ಒಮ್ಮೆಯೂ ನಿಂತು ಓದಿರುವುದಿಲ್ಲ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಮೈಸೂರಿನ ಕುದುರೆ ಪಡೆ, ಮಷಿನ್ ಗನ್‌ಗಳಿಗೆ ಎದುರಾಗಿ ಭರ್ಜಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದದ್ದು ಇದೇ ಯುದ್ಧದಲ್ಲಿ. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರು ಮೆಸಪಟೋಮಿಯಾದ ಮರಳಲ್ಲಿ ಸೇತುವೆ ಕಟ್ಟಿದರು, ರಸ್ತೆ ಹಾಕಿದರು. ದಂಡಿನ ಯುದ್ಧದ ಕಥೆ ತಿಳಿಯಬೇಕಾದರೆ ಲೇಡಿ ಕರ್ಜನ್ ರಸ್ತೆಯ ಹಾಲ್ ಮತ್ತು ಈ ಕಲ್ಲುಗಳು ಎರಡನ್ನೂ ನೋಡಿ. ಒಂದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ.

ಎಲ್ಲರೂ ಸಹೋದರರು ಅಂತಾರೆ. ಹಾಗಾದ್ರೆ ಜರ್ಮನ್ ಸದಸ್ಯರ ಗತಿ?

1915ರಲ್ಲಿ ಇಂಗ್ಲಿಷ್ ಗ್ರ್ಯಾಂಡ್ ಲಾಡ್ಜ್ ಒಂದು ನಿರ್ಣಯ ಮಾಡಿತು. ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಟರ್ಕಿಯಲ್ಲಿ ಹುಟ್ಟಿದ ಸದಸ್ಯರು ಸಭೆಗೆ ಬರಕೂಡದು ಎಂದು. ಇಪ್ಪತ್ತು ಮೂವತ್ತು ವರ್ಷ ಜೊತೆಗೆ ಕೂತು ಉಂಡವರೂ ಹೊರಗೆ ಉಳಿದರು. ಯುದ್ಧದ ಉರಿಯಲ್ಲಿ ಆದದ್ದು ಎಂದು ಸಮರ್ಥಿಸುವವರಿದ್ದಾರೆ. ನನಗೆ ಅದು ತಪ್ಪಾಗಿಯೇ ಕಾಣುತ್ತದೆ. ಲಾಡ್ಜ್‌ಗಳ ಯುದ್ಧ ಚರಿತ್ರೆ ಬರೆಯುವವರು ಆಸ್ಪತ್ರೆಯ ಪುಟದ ಪಕ್ಕದಲ್ಲೇ ಈ ಪುಟವನ್ನೂ ಇಡಬೇಕು.

ವೈರಿ ಕಡೆಯ ಮೇಸನ್‌ಗೆ ಸಹಾಯ ಮಾಡಿದ ಕಥೆಗಳು ನಿಜಾನಾ?

ತುಂಬ ಕಥೆಗಳು ಬಾಯಿಂದ ಬಾಯಿಗೆ ಬೆಳೆದವು. ಪುರಾವೆ ಗಟ್ಟಿಯಾಗಿರುವ ಒಂದನ್ನು ಹೇಳುತ್ತೇನೆ. ಅಮೆರಿಕದ ಅಂತರ್ಯುದ್ಧ, 1863ರ ಜೂನ್, ಲೂಸಿಯಾನಾದ ಸೇಂಟ್ ಫ್ರಾನ್ಸಿಸ್‌ವಿಲ್ ಎಂಬ ಸಣ್ಣ ಊರು. ಉತ್ತರದವರ ಯುದ್ಧನೌಕೆ ಆಲ್ಬಟ್ರಾಸ್ ನದಿಯಲ್ಲಿ ನಿಂತಿತ್ತು. ಅದರ ಕಮಾಂಡರ್ ಜಾನ್ ಹಾರ್ಟ್ ಜ್ವರದಿಂದ ನರಳುತ್ತಿದ್ದಾಗ ತನಗೆ ತಾನೇ ಗುಂಡು ಹಾರಿಸಿಕೊಂಡು ಸತ್ತ. ಅವನು ಮೇಸನ್. ನೌಕೆಯವರು ಬಿಳಿ ಬಾವುಟ ಹಿಡಿದು ದಡಕ್ಕೆ ಬಂದು, ಇಲ್ಲಿ ಮೇಸನ್ನರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ದಕ್ಷಿಣದ ಸೈನ್ಯದ ವಿಲಿಯಂ ಲೀಕ್ ಎಂಬ ಕ್ಯಾಪ್ಟನ್ ರಜೆಯ ಮೇಲೆ ಊರಲ್ಲಿದ್ದ, ಅವನೂ ಮೇಸನ್. ಗುಂಡಿನ ಸದ್ದು ನಿಂತಿತು. ವೈರಿಯ ಅಂತ್ಯಕ್ರಿಯೆಯನ್ನು ಲೀಕ್ ಲಾಡ್ಜ್‌ನ ಕ್ರಮದಂತೆ ನಡೆಸಿಕೊಟ್ಟ. ಆಮೇಲೆ ಬದುಕಿರುವವರೆಗೂ ಆ ಸಮಾಧಿಯನ್ನು ನೋಡಿಕೊಂಡ. 1912ರಲ್ಲಿ ತೀರಿಕೊಂಡಾಗ ಅವನನ್ನು ಹಾರ್ಟ್ ಪಕ್ಕದಲ್ಲೇ ಹೂಳಿದರು.

ಎರಡನೇ ಮಹಾಯುದ್ಧದ ಬೆಂಗಳೂರು ಹೇಗಿತ್ತು?

ಊರಿನ ಮುಖವೇ ಬದಲಾಯಿತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. 1943ರಲ್ಲಿ ಅದರ ನಿರ್ವಹಣೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಬರ್ಮಾ ಕಡೆ ಹಾರುವ ವಿಮಾನಗಳನ್ನು ಇಲ್ಲಿ ರಿಪೇರಿ ಮಾಡಿದರು. ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಿಗೆ ತಂದರು. ಜಾಲಹಳ್ಳಿಯಲ್ಲಿ ಮಿಲಿಟರಿ ಆಸ್ಪತ್ರೆಗಳು ಎದ್ದವು.

ಇಂಥ ಊರಿನಲ್ಲಿ ಲಾಡ್ಜ್ ಏನು ಮಾಡುತ್ತಿತ್ತು ಎಂದು ತಿಳಿಯಲು ಒಂದು ವಿಷಯ ಗೊತ್ತಿರಬೇಕು. ಒಂದು ಊರಿನ ಮೇಸನ್ ತನ್ನ ಸರ್ಟಿಫಿಕೇಟ್ ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಿ, ಬೇರೆ ಊರಿನ ಲಾಡ್ಜ್‌ಗೆ ಅತಿಥಿಯಾಗಿ ಹೋಗಬಹುದು. ಗುರುತು ಪರಿಚಯ ಇಲ್ಲದ ಊರಿಗೆ ವರ್ಗವಾಗಿ ಬಂದ ಅಧಿಕಾರಿಗೆ ಇದು ದೊಡ್ಡ ಆಸರೆ. ಸಂಜೆ ಒಂದು ಊಟ, ನಾಲ್ಕು ಮಾತು. ಹಾಗಾಗಿ ಯುದ್ಧಕಾಲದ ಹಾಜರಿ ಪುಸ್ತಕಗಳಲ್ಲಿ ‘ಅತಿಥಿಗಳು’ ಎಂಬ ಭಾಗವೇ ಚರಿತ್ರೆಯ ಆಸಕ್ತರಿಗೆ ಚಿನ್ನ. ಹೆಸರು, ಹುದ್ದೆ, ತಾಯಿ ಲಾಡ್ಜ್ (ಮೊದಲು ಸೇರಿದ ಲಾಡ್ಜ್), ಸಹಿ. ಯಾವ ತುಕಡಿಯವರು ಯಾವ ತಿಂಗಳು ಈ ಊರಲ್ಲಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಇಂಗ್ಲೆಂಡಿನಲ್ಲಿ 1939ರ ಸೆಪ್ಟೆಂಬರ್‌ನಲ್ಲಿ ಬಾಂಬ್ ದಾಳಿಯ ಭಯಕ್ಕೆ ಲಾಡ್ಜ್ ಸಭೆಗಳನ್ನೇ ಕೆಲವು ವಾರ ನಿಲ್ಲಿಸಿದ್ದರು. ಸಿಂಗಪುರ ಬಿದ್ದ ಮೇಲೆ ಚಾಂಗಿಯ ಸೆರೆ ಶಿಬಿರದಲ್ಲಿ ಮೇಸನ್ನರು ಜಪಾನಿ ಕಾವಲುಗಾರರ ಕಣ್ಣು ತಪ್ಪಿಸಿ ಸೇರುತ್ತಿದ್ದರು. ಕೈಗೆ ಸಿಕ್ಕ ಮರದ ತುಂಡು, ತಗಡಿನಲ್ಲಿ ಮೂಲೆಮಟ್ಟ, ಕೈವಾರ ಮಾಡಿಕೊಂಡಿದ್ದರು.

ಹಿಟ್ಲರ್ ಮೇಸನ್ನರನ್ನು ಯಾಕೆ ದ್ವೇಷಿಸಿದ?

ಯಹೂದಿಗಳೂ ಮೇಸನ್ನರೂ ಸೇರಿ ಜಗತ್ತನ್ನು ಆಳಲು ಸಂಚು ಮಾಡಿದ್ದಾರೆ ಎಂಬ ಸುಳ್ಳು ನಾಜಿಗಳ ಪ್ರಚಾರದ ದೊಡ್ಡ ಸರಕು. 1935ರ ಹೊತ್ತಿಗೆ ಜರ್ಮನಿಯ ಲಾಡ್ಜ್‌ಗಳೆಲ್ಲ ಮುಚ್ಚಿದವು. ಗೆದ್ದ ದೇಶಗಳಲ್ಲೂ ಲಾಡ್ಜ್‌ಗಳನ್ನು ಲೂಟಿ ಮಾಡಿ ದಾಖಲೆ ಹೊತ್ತೊಯ್ದರು.

ಈ ಕತ್ತಲಲ್ಲಿ ನಡೆದ ಒಂದು ಘಟನೆಯನ್ನು ನಾನು ಹೇಳದೆ ಬಿಡುವುದಿಲ್ಲ. ಜರ್ಮನಿಯ ಎಸ್ಟರ್‌ವೇಗನ್ ಎಂಬ ಯಾತನಾ ಶಿಬಿರ. 1943ರ ನವೆಂಬರ್. ಆರನೇ ಬ್ಯಾರಕ್‌ನಲ್ಲಿದ್ದ ಏಳು ಬೆಲ್ಜಿಯನ್ ಮೇಸನ್ನರು ಅಲ್ಲೇ ಒಂದು ಲಾಡ್ಜ್ ಕಟ್ಟಿದರು. ಹೆಸರು ‘ಲಿಬರ್ಟೆ ಶೆರಿ’, ಅಂದರೆ ಪ್ರಿಯ ಸ್ವಾತಂತ್ರ್ಯ. ಪಾಲ್ ಹ್ಯಾನ್ಸನ್ ಎಂಬ ನ್ಯಾಯಾಧೀಶರು ಅದರ ಮಾಸ್ಟರ್. ಕೈದಿಗಳು ಬಂದೂಕಿನ ತೋಟಾ ಬೇರ್ಪಡಿಸುವ ಮೇಜಿನ ಸುತ್ತ ಕೂತು ಸಭೆ. ಫೆರ್ನಾಂಡ್ ಎರೋ ಎಂಬ ಹೊಸಬನಿಗೆ ಅಲ್ಲಿಯೇ ದೀಕ್ಷೆ ಕೊಟ್ಟರು. ಕ್ಯಾಥೊಲಿಕ್ ಚರ್ಚಿಗೂ ಮೇಸನ್ನರಿಗೂ ಶತಮಾನಗಳ ವಿರಸ. ಆದರೂ ಸಭೆ ನಡೆಯುವಾಗ ಕಾವಲು ನಿಂತದ್ದು ಸಹ ಕೈದಿಯಾಗಿದ್ದ ಒಬ್ಬ ಕ್ಯಾಥೊಲಿಕ್ ಪಾದ್ರಿ. ಯುದ್ಧ ಮುಗಿದಾಗ ಎರೋ ಮತ್ತು ಲುಕ್ ಸೋಮರ್‌ಹೌಸೆನ್ ಬದುಕಿದ್ದರು. ಅವರಿಬ್ಬರ ಮಾತಿನಿಂದಲೇ ಈ ಕಥೆ ಹೊರಗೆ ಬಂತು. ಹ್ಯಾನ್ಸನ್ ವಾಪಸ್ ಬರಲಿಲ್ಲ.

ದಾನದ ಹಣ ಎಲ್ಲಿಂದ ಬರುತ್ತೆ?

ಸದಸ್ಯರ ಜೇಬಿನಿಂದ. ರಸ್ತೆಯಲ್ಲಿ ಡಬ್ಬಿ ಹಿಡಿದು ಕೇಳುವ ಪದ್ಧತಿ ಇವರಲ್ಲಿ ಇಲ್ಲ. ಪ್ರತಿ ಸಭೆಯಲ್ಲೂ ಒಂದು ಬಟ್ಟೆಯ ಚೀಲ ಎಲ್ಲರ ಮುಂದೆ ಹಾದು ಹೋಗುತ್ತದೆ. ಮುಷ್ಟಿ ಕಟ್ಟಿದ ಕೈ ಒಳಗೆ ಹೋಗಬೇಕು, ಬಿಚ್ಚಿದ ಕೈ ಹೊರಗೆ ಬರಬೇಕು. ಯಾರು ನೂರು ಹಾಕಿದರು, ಯಾರು ಹತ್ತು ಹಾಕಿದರು ಪಕ್ಕದವನಿಗೂ ಕಾಣದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಹಿರಿಯರು ಹೇಳುವುದು ಇದನ್ನೇ ಅಲ್ವಾ?

ದೀಕ್ಷೆಯ ಹೊತ್ತಿಗೇ ಈ ಪಾಠ ಶುರು. ಒಳಗೆ ಬರುವ ಮುಂಚೆ ಹೊಸಬನ ಹಣ, ಉಂಗುರ, ಲೋಹದ ವಸ್ತುಗಳನ್ನೆಲ್ಲ ತೆಗೆಸುತ್ತಾರೆ. ಆಮೇಲೆ ಎಲ್ಲರ ಮುಂದೆ ದಾನ ಕೇಳುತ್ತಾರೆ. ಜೇಬು ಖಾಲಿ. ಕೊಡಲು ಮನಸ್ಸಿದ್ದೂ ಕೈಯಲ್ಲಿ ಏನೂ ಇಲ್ಲದ ಆ ಸ್ಥಿತಿಯನ್ನು ನೆನಪಿಟ್ಟುಕೋ, ನಾಳೆ ಅಂಥವನು ಎದುರಾದರೆ ಮುಖ ತಿರುಗಿಸಬೇಡ ಎಂದು ಹೇಳುತ್ತಾರೆ. ಭಾಷಣದಿಂದ ಇಷ್ಟು ಆಳಕ್ಕೆ ಇಳಿಸಲು ಆಗುವುದಿಲ್ಲ.

ಆ ಹಣ ಯಾರಿಗೆ ಹೋಗುತ್ತೆ?

ಲಾಡ್ಜ್‌ನಲ್ಲಿ ಆಲ್ಮೋನರ್ ಎಂಬ ಒಂದು ಹುದ್ದೆ ಇದೆ. ನನ್ನ ಮಟ್ಟಿಗೆ ಮಾಸ್ಟರ್‌ಗಿಂತ ಮುಖ್ಯವಾದ ಹುದ್ದೆ ಅದು. ಕಾಯಿಲೆ ಬಿದ್ದ ಸದಸ್ಯನ ಮನೆಗೆ ಹೋಗುವುದು, ತೀರಿಕೊಂಡವರ ಹೆಂಡತಿಗೆ ಫೋನ್ ಮಾಡಿ ವಿಚಾರಿಸುವುದು, ಮಕ್ಕಳ ಫೀಸು ಕಟ್ಟಿದೆಯೇ ಎಂದು ನೋಡುವುದು ಅವರ ಕೆಲಸ. ಸಭೆಯಲ್ಲಿ ವರದಿ ಕೊಡುವಾಗ ಎಷ್ಟೋ ಸಲ ಹೆಸರು ಹೇಳುವುದಿಲ್ಲ.

ದಂಡಿನ ಕಾಲದ ಒಂದು ಲೆಕ್ಕದ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಲಗಡೆ ಕೆಂಪು ಗೆರೆ ಎಳೆದ ಮೂರು ಕಾಲಂ: ರೂಪಾಯಿ, ಆಣೆ, ಪೈ. ಎಡಗಡೆ ‘ವಿಧವೆ, ತಿಂಗಳದ್ದು’ ಎಂಬ ಒಂದೇ ಸಾಲು, ತಿಂಗಳ ಮೇಲೆ ತಿಂಗಳು, ಪುಟದ ಮೇಲೆ ಪುಟ. ಬರೆಯುವ ಕೈ ನಡುವೆ ಬದಲಾಗುತ್ತದೆ, ಶಾಯಿಯ ಬಣ್ಣ ಬದಲಾಗುತ್ತದೆ, ಆ ಸಾಲು ಮಾತ್ರ ನಿಲ್ಲುವುದಿಲ್ಲ. ಯುದ್ಧದ ಚರಿತ್ರೆ ಅಂದರೆ ನಾವು ತೋಪು, ಗೆಲುವು, ಪದಕ ಎನ್ನುತ್ತೇವೆ. ಯುದ್ಧ ಮುಗಿದು ಬಾವುಟ ಮಡಿಸಿಟ್ಟ ಮೇಲೂ ಹತ್ತು ವರ್ಷ ಒಬ್ಬ ತಾಯಿಯ ಅಕ್ಕಿ ಬೇಳೆಗೆ ಹಣ ಹೋಗಬೇಕಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು. ಇದರ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ದೊಡ್ಡ ಸಂಸ್ಥೆಗಳೇ ಇದ್ದವು. 1788ರಲ್ಲಿ ರಸ್ಪಿನಿ ಎಂಬ ದಂತವೈದ್ಯರು ಕಷ್ಟಕ್ಕೆ ಸಿಕ್ಕ ಮೇಸನ್ನರ ಹೆಣ್ಣುಮಕ್ಕಳಿಗೆ ಶಾಲೆ ಶುರುಮಾಡಿದರು. 1798ರಲ್ಲಿ ಗಂಡುಮಕ್ಕಳಿಗೂ ಬಂತು. 1842ರಲ್ಲಿ ವಯಸ್ಸಾದವರಿಗೆ ಪಿಂಚಣಿ. ಒಂದು ದೋಷವಿತ್ತು. ಬಹಳ ಕಾಲ ಈ ಸಹಾಯ ಯಾರಿಗೆ ಎಂಬುದನ್ನು ಚಂದಾದಾರರು ವೋಟು ಹಾಕಿ ಆರಿಸುತ್ತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಮಗುವಿಗಾಗಿ ಮನೆಮನೆಗೆ ವೋಟು ಕೇಳಬೇಕಾದ ಪರಿಸ್ಥಿತಿ. ಕೊಡುವ ಕೈಗೆ ಒಳ್ಳೆಯ ಮನಸ್ಸಿದ್ದರೂ ತೆಗೆದುಕೊಳ್ಳುವವರ ಮಾನ ಉಳಿಸುವ ದಾರಿ ಗೊತ್ತಿರಬೇಕು. ಆಲ್ಮೋನರ್ ಮೌನವಾಗಿ ಮಾಡುವ ಕೆಲಸಕ್ಕೆ ನಾನು ಅಷ್ಟು ಬೆಲೆ ಕೊಡುವುದು ಇದಕ್ಕೇ.

ಮೇಸನ್ನರಿಗೆ ಮಾತ್ರ ಸಹಾಯನಾ? ಹೊರಗಿನವರಿಗೆ ಇಲ್ವಾ?

ಇದೆ. ಹಿಂದೆ ತಮ್ಮವರ ಕುಟುಂಬಕ್ಕೆ ಜಾಸ್ತಿ, ಈಗ ಹೊರಗಿನವರಿಗೂ ಸಾಕಷ್ಟು. ನಮ್ಮ ಪಕ್ಕದ ಕೊಯಮತ್ತೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಮಕ್ಕಳಿಗಾಗಿ ನಡೆಯುವ ಮೇಸಾನಿಕ್ ಮೆಡಿಕಲ್ ಸೆಂಟರ್ ಎಲ್ಲ ಮಕ್ಕಳಿಗೂ ತೆರೆದಿದೆ. ಕಣ್ಣಿನ ತಪಾಸಣೆ ಶಿಬಿರ, ಗಾಲಿಕುರ್ಚಿ, ಶಾಲಾ ಮಕ್ಕಳ ಪುಸ್ತಕ, ರಕ್ತದಾನ ಇವು ಲಾಡ್ಜ್‌ಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಕೆಲಸಗಳು. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಬೆಂಚೋ, ಕುಡಿಯುವ ನೀರಿನ ಯಂತ್ರವೋ ಬೇಕಿದ್ದರೆ, ಮುಖ್ಯೋಪಾಧ್ಯಾಯರ ಸಹಿಯಿರುವ ಪತ್ರ ಮತ್ತು ಅಂಗಡಿಯ ಕೊಟೇಶನ್ ಜೊತೆ ಲಾಡ್ಜ್‌ನ ಕಾರ್ಯದರ್ಶಿಗೆ ಬರೆಯಿರಿ. ಇಷ್ಟು ಬೇಕು, ಇದಕ್ಕೇ ಬೇಕು ಎಂದು ಸ್ಪಷ್ಟವಾಗಿ ಬರೆದರೆ ಕೆಲಸ ಬೇಗ ಆಗುತ್ತದೆ.

ಚರ್ಚಿಲ್ ಬೆಂಗಳೂರಲ್ಲಿದ್ದಾಗ ಇಲ್ಲಿಯ ಲಾಡ್ಜ್‌ಗೆ ಬರ್ತಿದ್ರಾ?

ಇಲ್ಲ. ಅವರು ಇಲ್ಲಿಗೆ ಬಂದದ್ದು 1896ರಲ್ಲಿ. ಮೇಸನ್ ಆದದ್ದು 1901ರಲ್ಲಿ, ಲಂಡನ್ನಿನಲ್ಲಿ.

ಸ್ವಾಮಿ ವಿವೇಕಾನಂದರು ಮೇಸನ್ ಆಗಿದ್ದು ನಿಜಾನಾ?

ನಿಜ. 1884ರಲ್ಲಿ, ಇನ್ನೂ ನರೇಂದ್ರನಾಥ ದತ್ತ ಆಗಿದ್ದಾಗ, ಕಲ್ಕತ್ತದ ‘ಆಂಕರ್ ಅಂಡ್ ಹೋಪ್’ ಲಾಡ್ಜ್ ಸೇರಿದ್ದರು. ಪ್ರಸನ್ನ ಕುಮಾರ ದತ್ತರು ಹೋರಾಡಿ ಬಾಗಿಲು ತೆಗೆಸಿದ ಲಾಡ್ಜ್ ಅದೇ.

1947ರ ಮೇಲೆ ಏನಾಯ್ತು?

ದಂಡಿನ ಆಡಳಿತ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂತು. ಬ್ರಿಟಿಷರು ಹೊರಟರು. ಸದಸ್ಯರೇ ಹೊರಟ ಮೇಲೆ ಲಾಡ್ಜ್ ಉಳಿಸಿಕೊಂಡವರು ಇಲ್ಲಿನ ವಕೀಲರು, ವೈದ್ಯರು, ವ್ಯಾಪಾರಿಗಳು, ಭಾರತೀಯ ಸೇನೆಯ ಅಧಿಕಾರಿಗಳು. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಯಾವ ಲಾಡ್ಜ್ ಹೊಸದಕ್ಕೆ 
ಸೇರಬೇಕು, ಯಾವುದು ಹಳೆಯ ಇಂಗ್ಲಿಷ್, ಸ್ಕಾಟಿಷ್, ಐರಿಷ್ ಆಡಳಿತದಲ್ಲೇ ಇರಬೇಕು ಎಂಬುದನ್ನು ಅವರವರಿಗೇ ಬಿಟ್ಟರು. ಹಾಗಾಗಿ ಇವತ್ತಿಗೂ ಭಾರತದಲ್ಲಿ ಬೇರೆ ಬೇರೆ ಆಡಳಿತದ ಲಾಡ್ಜ್‌ಗಳಿವೆ. ಹಳೆ ದಾಖಲೆ ಹುಡುಕುವವರು ಇದನ್ನು ಮೊದಲೇ ತಿಳಿದುಕೊಂಡರೆ ಸುಮ್ನೆ ಅಲೆದಾಡುವುದು ತಪ್ಪುತ್ತದೆ.

ಹೆಂಗಸರು ಸೇರಬಹುದಾ?

ಈ ಲಾಡ್ಜ್‌ಗಳಿಗೆ ಇಲ್ಲ. ಹೆಂಗಸರಿಗೂ ಗಂಡಸರಿಗೂ ಸೇರಿ ಒಂದು ಬೇರೆ ಶಾಖೆ ಇದೆ. ಭಾರತಕ್ಕೆ ಅದನ್ನು ತಂದವರು ಅನಿ ಬೆಸೆಂಟ್.

ಕೆ.ಆರ್. ರಸ್ತೆಯಲ್ಲೂ ಒಂದು ಲಾಡ್ಜ್ ಇದೆಯಲ್ಲ?

ಅದು ಥಿಯೊಸಾಫಿಕಲ್ ಸೊಸೈಟಿಯ ಬೆಂಗಳೂರು ಸಿಟಿ ಲಾಡ್ಜ್. ಬೇರೆ ಸಂಸ್ಥೆ.

ನಮ್ಮ ತಾತ, ಮುತ್ತಾತ ಮೇಸನ್ ಆಗಿದ್ರಂತೆ. ಹೇಗೆ ತಿಳಿಯೋದು?

ಇಂಗ್ಲಿಷ್ ಗ್ರ್ಯಾಂಡ್ ಲಾಡ್ಜ್‌ನ 1751ರಿಂದ 1921ರವರೆಗಿನ ಸದಸ್ಯರ ರಿಜಿಸ್ಟರ್‌ಗಳು ಆನ್ಸೆಸ್ಟ್ರಿ ಜಾಲತಾಣದಲ್ಲಿವೆ. ಭಾರತದ ಲಾಡ್ಜ್‌ಗಳೂ ಸೇರಿವೆ. ಹೆಸರು, ವಯಸ್ಸು, ಕೆಲಸ, ಸೇರಿದ ದಿನ, ಬಿಟ್ಟ ದಿನ ಸಿಗುತ್ತದೆ. ದುಡ್ಡು ಕಟ್ಟಿ ನೋಡಬೇಕು. ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಅವರ ಕೈಯಲ್ಲಿ ಏನೇನೋ ಆಗಿರುತ್ತದೆ, ಹಾಗಾಗಿ ಹೆಸರಿಗಿಂತ ಊರು ಮತ್ತು ಲಾಡ್ಜ್ ಹಿಡಿದು ಹುಡುಕಿ. 1921ರ ನಂತರದವರ ಬಗ್ಗೆ ಲಂಡನ್ನಿನ ಮ್ಯೂಸಿಯಂ ಆಫ್ ಫ್ರೀಮೇಸನ್ರಿಗೆ ಬರೆದು ಕೇಳಬಹುದು.

ಯುದ್ಧದಲ್ಲಿ ತೀರಿಕೊಂಡವರಾಗಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲೂ ಸೈನಿಕರ ಸಮಾಧಿಗಳಿವೆ. ದಕ್ಷಿಣ ಭಾರತದ ಅಲ್ಲಲ್ಲಿ ಹೂತು, ಸಮಾಧಿ ನೋಡಿಕೊಳ್ಳಲಾಗದೆ ಹೋದ ಮೊದಲ ಮಹಾಯುದ್ಧದ ಎಷ್ಟೋ ಜನರ ಹೆಸರು ಚೆನ್ನೈ ನಂದಂಬಾಕ್ಕಂನ ಯುದ್ಧ ಸ್ಮಶಾನದ ಗೋಡೆಯ ಮೇಲಿದೆ. ಬೆಂಗಳೂರಿನಲ್ಲೇ ನೋಡಬೇಕಾದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ ಮತ್ತು ಕರ್ನಾಟಕ ರಾಜ್ಯ ಪತ್ರಾಗಾರ ಎರಡಕ್ಕೂ ಒಂದೊಂದು ದಿನ ಬಿಡುವು ಮಾಡಿಕೊಳ್ಳಿ.

ಮನೆ ಅಟ್ಟದ ಮೇಲೆ ಹಳೆ ಏಪ್ರನ್, ಪದಕ ಸಿಕ್ಕಿದೆ. ಏನು ಮಾಡಲಿ?

ಮೊದಲನೆಯದು, ಒಗೆಯಬೇಡಿ, ಉಜ್ಜಬೇಡಿ. ಏಪ್ರನ್ ಸಾಮಾನ್ಯವಾಗಿ ಕುರಿ ಚರ್ಮದ್ದು. ನೀರು ಬಿದ್ದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪದಕಕ್ಕೆ ಹುಣಸೆಹಣ್ಣು, ಪೀತಾಂಬರಿ ಹಾಕಿದರೆ ಕೆತ್ತಿದ ಅಕ್ಷರ ಸವೆಯುತ್ತದೆ. ಬೇಕಾದದ್ದು ಆ ಅಕ್ಷರಗಳೇ. ಹಿಂಬದಿಯಲ್ಲಿ ಲಾಡ್ಜ್ ಹೆಸರು, ನಂಬರ್, ಇಸವಿ ಇರುತ್ತದೆ. ಓರೆ ಬೆಳಕಿನಲ್ಲಿ ಹಿಡಿದು ಎರಡೂ ಬದಿಯ ಫೋಟೊ ತೆಗೆಯಿರಿ. ಏಪ್ರನ್ ಒಳಗಿನ ಮಡಿಕೆಯಲ್ಲಿ ಕೆಲವೊಮ್ಮೆ ಮಾಲೀಕರ ಹೆಸರು ಬರೆದಿರುತ್ತದೆ, ನಿಧಾನವಾಗಿ ಬಿಚ್ಚಿ ನೋಡಿ.

ಗುಜರಿಗೂ, ಭಾನುವಾರದ ಸಂತೆಗೂ ದಯವಿಟ್ಟು ಕೊಡಬೇಡಿ. ಅಲ್ಲಿ ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟುತ್ತಾರೆ, ಆ ಹೆಸರಿನ ಮನುಷ್ಯನ ಸುಳಿವು ಅಲ್ಲಿಗೇ ಕಡಿದು ಹೋಗುತ್ತದೆ. ಜೊತೆಗೆ ಕಾಗದ, ಸಭೆಯ ಆಹ್ವಾನ ಪತ್ರ, ಊಟದ ಮೆನು ಕಾರ್ಡ್ ಸಿಕ್ಕರೆ ಪದಕಕ್ಕಿಂತ ಜೋಪಾನವಾಗಿಡಿ. ಮೆನು ಕಾರ್ಡ್ ಹಿಂದೆ ಸಹಿ ಹಾಕಿಸಿಕೊಳ್ಳುವ ರೂಢಿ ಇತ್ತು. ಯುದ್ಧಕಾಲದ್ದಾದರೆ ಆ ಸಹಿಗಳಲ್ಲಿ ಯಾರೆಲ್ಲ ಇದ್ದಾರೋ. ಮನೆಯ ಹಿರಿಯರು ಬದುಕಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಇಟ್ಟುಕೊಳ್ಳುವುದಾದರೆ ತೊಳೆದು ಒಣಗಿಸಿದ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್ ಹಾಕದೆ, ತೇವ ಇಲ್ಲದ ಕಡೆ ಇಡಿ. ಕೊಟ್ಟುಬಿಡುವುದಾದರೆ ಅದರ ಮೇಲೆ ಹೆಸರಿರುವ ಲಾಡ್ಜ್ ಇನ್ನೂ ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿ, ಅದರ ಕಾರ್ಯದರ್ಶಿಗೆ ಕೊಡಿ. ಏನೇನು ಕೊಟ್ಟಿರಿ ಎಂಬ ಪಟ್ಟಿಯ ಮೇಲೆ ಅವರ ಸಹಿ ಪಡೆದು, ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.